ಬೇರು ತೋರಿಸದೆ ವಿಜ್ಞಾನ ಕಲಿಸಬಹುದೆ?



ನಮ್ಮ ಸುರಪುರ, ಶಹಾಪುರ ಕಡೆಯ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ ಚೆನ್ನಾಗಿಯೇ ಅಂಕ ಪಡೆಯುತ್ತಾರೆ. ಆದರೆ ಪಿ.ಯು.ಸಿ. ವಿಜ್ಞಾನದ ಬಾಗಿಲಲ್ಲಿ ನಿಂತೊಡನೆ ಅವರ ಕಾಲು ನಡುಗುತ್ತದೆ. ಇದಕ್ಕೆ ಇಂಗ್ಲಿಷ್ ಬಾರದಿರುವುದೇ ಕಾರಣವೆಂದು ಪಾಲಕರೂ ಹೇಳುತ್ತಾರೆ, ಶಿಕ್ಷಕರೂ ಹೇಳುತ್ತಾರೆ. ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಬೋಧಿಸಿದ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಕ್ಕಳನ್ನು ಹೆದರಿಸುವ ಆ ಉದ್ದುದ್ದ ಪದಗಳಲ್ಲಿ ಬಹುಪಾಲು ಇಂಗ್ಲಿಷಿನವೇ ಅಲ್ಲ. ಅವು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಬೇರುಗಳಿಂದ ಕಟ್ಟಿದವು. ಲಂಡನ್ನಿನಲ್ಲಿ ಹುಟ್ಟಿದ ಮಗುವಿಗೂ ಅವು ಮನೆಮಾತಲ್ಲ. ಅದೂ ನಮ್ಮ ಮಕ್ಕಳ ಹಾಗೆಯೇ ಅವನ್ನು ಕಲಿಯಬೇಕು. ಕಲಿಸುವ ಕ್ರಮವೊಂದಿದೆ, ನಾವು ಅದನ್ನು ಅನುಸರಿಸುತ್ತಿಲ್ಲ ಎಂಬುದೇ ಈ ಲೇಖನದ ವಾದ.

ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನ ಶಿಷ್ಯೆಯೊಬ್ಬಳು ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೆ ತೊಂಬತ್ತಕ್ಕೂ ಹೆಚ್ಚು ಅಂಕ ಪಡೆದು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದಳು. ದಸರೆಯ ರಜೆಗೆ ಊರಿಗೆ ಬಂದವಳು ಕಲಾ ವಿಭಾಗಕ್ಕೆ ಬದಲಾಗಿದ್ದಳು. ಏಕಮ್ಮ ಎಂದು ಕೇಳಿದೆ. "ಸರ್, ಅವರು ಹೇಳೂದು ತಿಳೀತದ್ರಿ. ಆ ಪದಾನ ತಲ್ಯಾಗ ನಿಂದರಂಗಿಲ್ಲ" ಎಂದಳು. ಈ ಮಾತನ್ನು ನಾನು ಬಹಳ ದಿನ ಯೋಚಿಸಿದೆ. ವಿಷಯ ತಿಳಿದ ಮಗು ಪದಕ್ಕೆ ಸೋತು ಹಿಂದಿರುಗಿತು. ಇದು ಬುದ್ಧಿಯ ಸೋಲಲ್ಲ. ಬೀಗ ತೋರಿಸಿ ಕೀಲಿಕೈ ಕೊಡದವರ ಮುಂದೆ ನಿಂತ ಮಗುವಿನ ಸೋಲು.

ಆ ಕೀಲಿಕೈ ಎಂತಹುದು ಎಂಬುದಕ್ಕೆ ಒಂದೇ ಒಂದು ಬೇರನ್ನು ತೆಗೆದುಕೊಳ್ಳೋಣ. ಗ್ರೀಕ್ ಭಾಷೆಯಲ್ಲಿ ರಕ್ತಕ್ಕೆ 'ಹೈಮ' ಎನ್ನುತ್ತಾರೆ. ಪದದ ಆರಂಭದಲ್ಲಿ ಬಂದಾಗ ಇದು ಇಂಗ್ಲಿಷಿನಲ್ಲಿ 'ಹೀಮೋ' ಅಥವಾ 'ಹೀಮಟೋ' ಆಗುತ್ತದೆ. ಕೊನೆಯಲ್ಲಿ ಬಂದಾಗ 'ಈಮಿಯಾ' ಆಗುತ್ತದೆ. ಇಷ್ಟು ತಿಳಿದವರು ಮುಂದಿನ ಪದಗಳನ್ನು ನೋಡಲಿ. ಹೀಮೋಗ್ಲೋಬಿನ್ ಎಂದರೆ ರಕ್ತದ ಕೆಂಪು ಪ್ರೋಟೀನು. ಜರ್ಮನಿಯ ಹೋಪೆ-ಸೈಲರ್ 1864ರಲ್ಲಿ ಇಟ್ಟ ಹೆಸರು. ಹೆಮರೇಜ್ ಎಂದರೆ ರಕ್ತ ಒಡೆದು ಹರಿಯುವುದು. ಹೀಮೋಫೀಲಿಯಾ ರಕ್ತ ಹೆಪ್ಪುಗಟ್ಟದ ಕಾಯಿಲೆ. ಹೆಮರಾಯ್ಡ್ ನಮ್ಮ ಮೂಲವ್ಯಾಧಿ. ಗ್ರೀಕರೂ ಅದನ್ನು ರಕ್ತ ಸುರಿಯುವ ಲಕ್ಷಣದಿಂದಲೇ ಗುರುತಿಸಿದರು. ಹೀಮಟಾಲಜಿ ರಕ್ತವನ್ನು ಕುರಿತ ಶಾಸ್ತ್ರ. ಹೀಮೋಡಯಾಲಿಸಿಸ್ ಎಂದರೆ ಯಂತ್ರದ ಮೂಲಕ ರಕ್ತ ಶೋಧಿಸುವುದು. ಇನ್ನು ಬಾಲದ ಕಡೆಯಿಂದ: 'ಲ್ಯೂಕೋಸ್' ಎಂದರೆ ಬಿಳುಪು, ಆದ್ದರಿಂದ ಲ್ಯೂಕೀಮಿಯಾ ಬಿಳಿಯ ರಕ್ತಕಣಗಳ ಕಾಯಿಲೆ, 1847ರಲ್ಲಿ ರೂಡಾಲ್ಫ್ ವಿರ್ಚೊ ಕೊಟ್ಟ ಹೆಸರು. 'ಗ್ಲೈಕಿಸ್' ಎಂದರೆ ಸಿಹಿ, ಆದ್ದರಿಂದ ಹೈಪೋಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಿಹಿಯ ಅಂಶ ತಗ್ಗಿರುವುದು. ಅನೀಮಿಯಾ ಎಂದರೆ ರಕ್ತವಿಲ್ಲದಿರುವುದು, ಅಂದರೆ ರಕ್ತಹೀನತೆ. ಎಂಟು ಒಂಬತ್ತು ಪದಗಳು, ಬೇರು ಒಂದೇ.

ಈ ಬೇರು ವೈದ್ಯಶಾಸ್ತ್ರದೊಳಗೇ ನಿಲ್ಲುವುದಿಲ್ಲ. ಬಳ್ಳಾರಿ, ಸಂಡೂರು, ಹೊಸಪೇಟೆಗಳ ಗುಡ್ಡಗಳಲ್ಲಿ ಅಗೆಯುವ ಕಬ್ಬಿಣದ ಅದಿರಿನ ಹೆಸರು ಹೆಮಟೈಟ್ ಎಂದು ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಅದೂ 'ಹೈಮ'ದ ಮಗುವೇ. ಈ ಕಲ್ಲು ಹೊರಗೆ ಕಪ್ಪಾಗಿ ಕಂಡರೂ ಅರೆದಾಗ ರಕ್ತದ ಬಣ್ಣದ ಪುಡಿಯಾಗುತ್ತದೆ. ಅದಕ್ಕೆ ಗ್ರೀಕರು ಅದನ್ನು ರಕ್ತದಂಥ ಕಲ್ಲು ಎಂದರು. ನಮ್ಮ ಮನೆಗಳ ಗೋಡೆಗೂ ಹೊಸ್ತಿಲಿಗೂ ಹಚ್ಚುವ ಜಾಜಿನ ಕೆಂಪೂ ಇದೇ ಕಬ್ಬಿಣದ ಆಕ್ಸೈಡಿನದು. ಗ್ರೀಕರು ನೋಡಿದ್ದು ಬಣ್ಣವನ್ನು ಮಾತ್ರ. ರಕ್ತದಲ್ಲಿ ಕಬ್ಬಿಣವಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ. 18ನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಮೆಂಘಿನಿ ಎಂಬ ವೈದ್ಯರು ಒಣಗಿಸಿ ಸುಟ್ಟ ರಕ್ತದ ಬೂದಿಯ ಕಣಗಳನ್ನು ಅಯಸ್ಕಾಂತ ಎಳೆಯುವುದನ್ನು ತೋರಿಸಿದರು. ಬಣ್ಣ ನೋಡಿ ಇಟ್ಟ ಹೆಸರಿನ ಎರಡೂ ತುದಿಗಳಲ್ಲಿ ಕಬ್ಬಿಣವೇ ಇದ್ದುದು ಆಕಸ್ಮಿಕವಾದರೂ ಸೊಗಸಾದ ಆಕಸ್ಮಿಕ. ವಯಸ್ಕರ ಮೈಯಲ್ಲಿ ಇರುವುದು ಮೂರರಿಂದ ನಾಲ್ಕು ಗ್ರಾಂ ಕಬ್ಬಿಣ. ಅದರ ಮೂರನೆಯ ಎರಡು ಪಾಲು ಹೀಮೋಗ್ಲೋಬಿನ್ನಿನಲ್ಲೇ ಇರುತ್ತದೆ. ಸಂಡೂರಿನ ಗುಡ್ಡವೂ ನಮ್ಮ ಹೆಣ್ಣುಮಕ್ಕಳ ರಕ್ತವೂ ಒಂದೇ ಪದದ ಕೊಂಬೆಗಳೆಂದು ತಿಳಿದ ಮಗು ಭೂಗೋಳವನ್ನಾಗಲಿ ಜೀವಶಾಸ್ತ್ರವನ್ನಾಗಲಿ ಮರೆಯಲಾರದು.

ಹೆಣ್ಣುಮಕ್ಕಳ ರಕ್ತ ಎಂದು ಸುಮ್ಮನೆ ಬರೆಯಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ. ಗರ್ಭಿಣಿಯಲ್ಲದ ಮಹಿಳೆಯ ಹೀಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ನಮ್ಮ ಶಾಲೆಗಳಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಅದನ್ನು ಅಂಗೈಯಲ್ಲಿ ಹಿಡಿದು, ಶಿಕ್ಷಕರ ಕಣ್ಣು ತಪ್ಪಿಸಿ ಕಿಟಕಿಯಾಚೆ ಎಸೆದವರು ಎಷ್ಟು ಮಂದಿಯೋ, ಈ ಲೇಖನ ಓದುತ್ತಿರುವ ಶಿಷ್ಯೆಯರಿಗೇ ಗೊತ್ತು! ಎಚ್.ಬಿ. ಎಂಬ ಎರಡಕ್ಷರ, ಅನೀಮಿಯಾ ಎಂಬ ರೋಗ, ಆ ನೀಲಿ ಮಾತ್ರೆ, ಊಟದ ಜೊತೆ ಚಹಾ ಬೇಡ ಎಂಬ ಸಲಹೆ, ಇವೆಲ್ಲ ಒಂದೇ ಎಳೆಯಲ್ಲಿ ಪೋಣಿಸಿದವೆಂದು ತರಗತಿಯಲ್ಲಿ ಬಿಡಿಸಿ ಹೇಳಿದ್ದರೆ ಕಿಟಕಿಯಾಚೆ ಬೀಳುವ ಮಾತ್ರೆಗಳು ಕಡಿಮೆಯಾಗುತ್ತಿದ್ದವು ಎಂದು ನಾನು ನಂಬಿದ್ದೇನೆ.

ಹಾಗಾದರೆ ಗ್ರೀಕ್ ಕಲಿಸಬೇಕೆ, ಅದೆಂಥ ಹೊಸ ಹೊರೆ ಎಂದು ನೀವು ಕೇಳಬಹುದು. ಹೊರೆಯಲ್ಲ. ಏಕೆಂದರೆ ಈ ಪದಗಳನ್ನು ಬಿಡಿಸುವ ಉಪಕರಣಗಳು ಕನ್ನಡ ವ್ಯಾಕರಣ ಓದಿದ ಮಗುವಿನ ಕೈಯಲ್ಲಿ ಆಗಲೇ ಇವೆ. 'ಅ' ಎಂಬ ನಿಷೇಧಾರ್ಥಕ ಅಕ್ಷರ ಸ್ವರದ ಮುಂದೆ 'ಅನ್' ಆಗುತ್ತದೆಯೆಂದು ನಾವು ಕಲಿತಿದ್ದೇವೆ: ಅಜ್ಞಾನ, ಆದರೆ ಅನಾರೋಗ್ಯ. ಗ್ರೀಕಿನಲ್ಲಿಯೂ ನಿಯಮ ಇದೇ, ಉಪಸರ್ಗವೂ ಇದೇ! 'ತೊಮೋಸ್' ಎಂದರೆ ತುಂಡು. ತುಂಡರಿಸಲಾಗದ್ದು 'ಅತೊಮೋಸ್', ಅದೇ ಇಂದಿನ ಆಟಂ. 'ಹೈಮ'ದ ಮುಂದೆ 'ಅನ್' ಬಂದಾಗ ನಡುವಿನ ಹಕಾರ ಬಿದ್ದುಹೋಗಿ ಅನೀಮಿಯಾ. ಇದನ್ನು ಲೋಪಸಂಧಿ ಬಲ್ಲ ಮಗುವಿಗೆ ವಿವರಿಸಬೇಕೆ? ಕನ್ನಡ ಪಂಡಿತರು ರಜೆಯಲ್ಲಿದ್ದಾಗ ಅವರ ಅವಧಿಯನ್ನು ತೆಗೆದುಕೊಂಡು ನಾನು ಹೀಗೆ ಸಂಧಿ ಬಿಡಿಸುವ ಆಟ ಆಡಿಸುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು.

ಗ್ರೀಕ್ ಮತ್ತು ಸಂಸ್ಕೃತ ಒಂದೇ ಮೂಲದಿಂದ ಬಂದ ಸೋದರಭಾಷೆಗಳಾದುದರಿಂದ ಈ ಸಾಮ್ಯ ಕಾಕತಾಳೀಯವಲ್ಲ. ಗ್ರೀಕಿನ 'ಹೈಪರ್' ನಮ್ಮ 'ಉಪರಿ'ಯ ಸೋದರ, ಅರ್ಥ ಮೇಲೆ. 'ಹೈಪೋ' ನಮ್ಮ 'ಉಪ'ದ ಸೋದರ, ಅರ್ಥ ಕೆಳಗೆ. ಉಪನದಿ, ಉಪಾಧ್ಯಕ್ಷ ಎಂಬ ಪದಗಳಲ್ಲಿ ಕೆಳಗಿನ ಸ್ಥಾನದ ಭಾವ ಇಂದಿಗೂ ಉಳಿದಿದೆ. 'ಡಿಸ್' ನಮ್ಮ 'ದುಸ್'. ಕರುಳು ಕೆಟ್ಟರೆ ಡಿಸೆಂಟ್ರಿ. 'ಪೆರಿ' ನಮ್ಮ 'ಪರಿ'. ಹೃದಯದ ಸುತ್ತಲಿನ ಪೊರೆ ಪೆರಿಕಾರ್ಡಿಯಂ. 'ಆಸ್ಟಿಯೊ' ನಮ್ಮ 'ಅಸ್ಥಿ'. 'ಹೆಪಾರ್' ನಮ್ಮ 'ಯಕೃತ್', ಆದ್ದರಿಂದ ಹೆಪಟೈಟಿಸ್ ಎಂದರೆ ಯಕೃತ್ತಿನ ಉರಿಯೂತ. ಪೆಂಟ, ಹೆಪ್ಟ, ಆಕ್ಟ, ಡೆಕ ಎಂದು ರಸಾಯನಶಾಸ್ತ್ರದಲ್ಲಿ ಎಣಿಸುವಾಗ ನಾವು ಪಂಚ, ಸಪ್ತ, ಅಷ್ಟ, ದಶ ಎಂದೇ ಹೇಳುತ್ತಿದ್ದೇವೆ. ಇಷ್ಟು ನಂಟಸ್ತಿಕೆ ಇರುವ ಮನೆಗೆ ಹೋಗಲು ಹೆದರಿಕೆ ಏಕೆ?

ಇನ್ನು ಗ್ರೀಕ್ ನಮ್ಮ ಊರಿಗೆ ಬಾರದ ಭಾಷೆಯೂ ಅಲ್ಲ. ನಮ್ಮ ಪೇಟೆಗಳಲ್ಲಿ ಹಕೀಮರು ನಡೆಸುವ ಯುನಾನಿ ವೈದ್ಯವೆಂದರೆ ಶಬ್ದಾರ್ಥದಲ್ಲಿ ಗ್ರೀಕ್ ವೈದ್ಯ. ಅಯೋನಿಯಾ ಎಂಬ ಗ್ರೀಕ್ ನಾಡಿನ ಹೆಸರು ಅರಬ್ಬಿಯಲ್ಲಿ ಯೂನಾನ್ ಆಯಿತು, ನಮ್ಮಲ್ಲಿ ಯವನ ಆಯಿತು. ಕಫಕ್ಕೆ ಉರ್ದುವಿನಲ್ಲಿ ಹೇಳುವ 'ಬಲ್ಗಮ್' ಗ್ರೀಕಿನ 'ಫ್ಲೆಗ್ಮ'ವೇ. ಆಸ್ಪತ್ರೆಯ ಫಲಕದಲ್ಲಿ 'ಪ್ರಾಥಮಿಕ ಆರೋಗ್ಯ ಕೇಂದ್ರ' ಎಂದು ಅಚ್ಚಗನ್ನಡದಲ್ಲಿ ಬರೆದಿದೆಯೆಂದು ಸಂತೋಷಪಡುತ್ತೇವಲ್ಲ, ಅಲ್ಲಿನ 'ಕೇಂದ್ರ' ಗ್ರೀಕಿನ 'ಕೆಂತ್ರೋನ್'. ಜ್ಯೋತಿಷಶಾಸ್ತ್ರದ ಮೂಲಕ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಸಂಸ್ಕೃತಕ್ಕೆ ಬಂದ ಪದ. ಕೊಳವೆ ಎಂಬ ಅರ್ಥದ ಗ್ರೀಕ್ 'ಸಿರಿಂಕ್ಸ್' ನಮ್ಮಲ್ಲಿ ಸುರಂಗವಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಅದೇ ಪದ ಆಸ್ಪತ್ರೆಯಲ್ಲಿ ಸಿರಿಂಜ್.

ಕಲಿಕೆಯ ಭಾಷೆಯ ಪ್ರಶ್ನೆಯಲ್ಲಿ ನಮ್ಮ ಪ್ರದೇಶಕ್ಕೆ ಒಂದು ವಿಶೇಷ ಅನುಭವವೂ ಇದೆ. ನಾವು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವರು. 1918ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲಿ ಬೋಧಿಸಿತು. ಅದಕ್ಕಾಗಿ ಅನುವಾದ ಸಂಸ್ಥೆಯನ್ನು ತೆರೆದು, ಅರಬ್ಬಿ ಪಾರಸಿ ಬೇರುಗಳಿಂದ ಸಾವಿರಾರು ಪಾರಿಭಾಷಿಕ ಪದಗಳನ್ನು ಕಟ್ಟಿಸಿತು. ಅದು ಸಣ್ಣ ಸಾಧನೆಯಲ್ಲ. ದೇಶಭಾಷೆಯಲ್ಲಿ ಉನ್ನತ ವಿಜ್ಞಾನ ಸಾಧ್ಯವೆಂದು ತೋರಿಸಿದ ಸಾಧನೆ. ಆದರೆ ಆಡಳಿತ ಬದಲಾಗಿ, ಬೋಧನ ಮಾಧ್ಯಮ ಬದಲಾದಾಗ ಆ ಪದಗಳು ಪುಸ್ತಕಗಳಲ್ಲೇ ಉಳಿದುವು. ಇದರಿಂದ ನಾನು ಕಲಿತ ಪಾಠ ಎರಡು. ನಮ್ಮ ಭಾಷೆಯಲ್ಲಿ ಪದ ಕಟ್ಟಬೇಕು, ಅದು ಮೊದಲನೆಯದು. ಕಟ್ಟಿದ ಪದದಿಂದ ಲೋಕದ ಪದಕ್ಕೆ ಸೇತುವೆಯನ್ನೂ ಹಾಕಬೇಕು, ಅದು ಎರಡನೆಯದು. ಸೇತುವೆಯಿಲ್ಲದ ಪದ ನಡುಗಡ್ಡೆ.

ಕನ್ನಡದಲ್ಲಿ ಸೇತುವೆ ಕಟ್ಟಿದ ಹಿರಿಯರಿಗೆ ಕೊರತೆಯಿಲ್ಲ. ವೈದ್ಯಕೀಯ ಪದಗಳ ಹುಟ್ಟು ಮತ್ತು ರಚನೆಯನ್ನು ಕುರಿತೇ ಡಾ. ಡಿ.ಎಸ್. ಶಿವಪ್ಪನವರು ಕನ್ನಡದಲ್ಲಿ ಗ್ರಂಥ ರಚಿಸಿದರು. ನಮ್ಮ ಕಲಬುರಗಿಯ ಡಾ. ಪಿ.ಎಸ್. ಶಂಕರ್ ಅವರು ದಶಕಗಳ ಕಾಲ ವೈದ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆದರು. ನಮ್ಮ ಪಠ್ಯಪುಸ್ತಕದ 'ದ್ಯುತಿಸಂಶ್ಲೇಷಣೆ' ಎಂಬ ಪದವನ್ನು ಎಷ್ಟೋ ಮಂದಿ ಹಾಸ್ಯ ಮಾಡುತ್ತಾರೆ. ಬಿಡಿಸಿ ನೋಡಿ: ಫೋಟೋ ಎಂದರೆ ಬೆಳಕು, ಅದು ದ್ಯುತಿ, ಸಿನ್ ಎಂದರೆ ಒಟ್ಟಿಗೆ, ಅದು ಸಂ, ಥೀಸಿಸ್ ಎಂದರೆ ಇಡುವುದು, ಜೋಡಿಸುವುದು, ಅದು ಶ್ಲೇಷಣೆ. ಗ್ರೀಕ್ ಪದವನ್ನು ಎಲುಬು ಎಲುಬಾಗಿ ಬಿಡಿಸಿ ಮತ್ತೆ ಕೂಡಿಸಿದ್ದಾರೆ. ಕಟ್ಟಿದವರು ಎರಡೂ ದಡ ಬಲ್ಲವರು. ಕಲಿಸುವ ನಾವು ಮಾತ್ರ ಎರಡನ್ನೂ ಬಿಡಿಸದೆ ಮಗುವಿನ ತಲೆಯ ಮೇಲೆ ಎರಡು ಗಂಟುಗಳನ್ನು ಹೇರುತ್ತಿದ್ದೇವೆ. ಹತ್ತನೆಯ ತರಗತಿಯವರೆಗೆ ಒಂದು ಗಂಟು, ಪಿ.ಯು.ಸಿ.ಯಲ್ಲಿ ಇನ್ನೊಂದು.

ಇದು ಪರೀಕ್ಷೆಯ ಅಂಕಗಳ ಮಾತು ಮಾತ್ರವಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಬೆಳಿಗ್ಗೆ ಮಾತ್ರೆ ನುಂಗಿ ಊಟ ತಡ ಮಾಡಿದರು. ಮೈ ಬೆವೆತು, ಕೈ ನಡುಗಿ, ಮಾತು ತೊದಲತೊಡಗಿತು. ಫೋನಿನಲ್ಲಿ ವೈದ್ಯರು "ಹೈಪೋ ಆಗಿರಬಹುದು" ಎಂದರು. ಮನೆಯವರ ಕಿವಿಗೆ ಬಿದ್ದದ್ದು ಹೈಪರ್. ಸಕ್ಕರೆ ಏರಿದೆಯೆಂದು ತಿಳಿದು ಮುಂದಿಟ್ಟಿದ್ದ ಬೆಲ್ಲದ ಚಹಾವನ್ನೂ ಎತ್ತಿಟ್ಟರು. ಪುಣ್ಯಕ್ಕೆ ಪಕ್ಕದ ಮನೆಯಲ್ಲಿ ನರ್ಸ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿನಿ ಇದ್ದಳು. ಓಡಿಬಂದು ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದಳು; ಕಾಲು ಗಂಟೆಯಲ್ಲಿ ಹಿರಿಯರು ಎದ್ದು ಕುಳಿತರು. ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಹೈಪೋ. ಎಚ್ಚರವಿದ್ದು ನುಂಗಬಲ್ಲವರಿಗೆ ತಕ್ಷಣ ಸಿಹಿ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆ ಕಾಯಿಲೆಯವರಿರುವ ಮನೆಯವರೆಲ್ಲ ಇದನ್ನು ನೆನಪಿಡಿ. ಉಪ ಎಂದರೆ ಕೆಳಗೆ, ಉಪರಿ ಎಂದರೆ ಮೇಲೆ. ಒಂದು ಅಕ್ಷರದ ಅಂತರದಲ್ಲಿ ಒಂದು ಜೀವವಿತ್ತು.

ನನ್ನ ವಾದಕ್ಕೆ ಎದುರು ಮಾತುಗಳೂ ಇವೆ. ವೈದ್ಯರೇ ಸರಳ ಕನ್ನಡದಲ್ಲಿ ಹೇಳಲಿ ಎನ್ನುವವರ ಮಾತು ಸರಿ; 'ಸಕ್ಕರೆ ಇಳಿದಿದೆ' ಎಂದಿದ್ದರೆ ಆ ಮನೆಯಲ್ಲಿ ಗೊಂದಲವೇ ಇರುತ್ತಿರಲಿಲ್ಲ. ಆದರೆ ವರದಿಯ ಚೀಟಿ, ಮಾತ್ರೆಯ ಪೊಟ್ಟಣ, ಕಾಲೇಜಿನ ಪುಸ್ತಕ ಸರಳ ಕನ್ನಡಕ್ಕೆ ಬರುವವರೆಗೆ ನಮ್ಮ ಮಕ್ಕಳು ಕಾಯಲಾಗದು. ಎಲ್ಲರನ್ನೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಮುಗಿಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಮಕ್ಕಳೂ ಈ ಪದಗಳನ್ನು ಉರು ಹೊಡೆಯುವುದನ್ನು ಕಂಡಿದ್ದೇನೆ. ವ್ಯತ್ಯಾಸವೆಂದರೆ ಅವರಿಗೆ ಉರು ಹೊಡೆಯಲು ಹತ್ತು ವರ್ಷ ಸಿಗುತ್ತದೆ, ನಮ್ಮವರಿಗೆ ಎರಡು. ಹೀಗಾಗಿ ನಮ್ಮವರಿಗೆ ಉರುವಿಗಿಂತ ಬೇರು ಮುಖ್ಯ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಉಚ್ಚಾರ ಹೋಲಿದ್ದೆಲ್ಲ ನಂಟಲ್ಲ. ಪಾರ್ವತಿಗೆ ಹೈಮವತಿ ಎಂದು ಹೆಸರು. ಅದು ಹಿಮವಂತನ ಮಗಳೆಂಬ ಅರ್ಥದ್ದು, ಗ್ರೀಕಿನ ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಪ್ಟ ಎಂದರೆ ಏಳು, ಹೆಪಾಟ ಎಂದರೆ ಯಕೃತ್ತು. ಬೇರು ತಿಳಿದ ಮಾತ್ರಕ್ಕೆ ರೋಗವೂ ತಿಳಿದಂತಲ್ಲ. 'ಥಲಸ್ಸ' ಎಂದರೆ ಸಮುದ್ರ. ಮೆಡಿಟರೇನಿಯನ್ ತೀರದ ಜನರ ರಕ್ತದೋಷವೆಂದು ಭಾವಿಸಿ ಥಲಸ್ಸೀಮಿಯಾ ಎಂದು ಹೆಸರಿಟ್ಟರು. ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿರುವ ನಮ್ಮ ನಾಡಿನ ಮಕ್ಕಳಲ್ಲಿಯೂ ಅದು ಇದೆ. ಮಲೇರಿಯ ಎಂದರೆ ಕೆಟ್ಟ ಗಾಳಿ, ತರುವುದು ಸೊಳ್ಳೆ. ಹೆಸರು ಇಟ್ಟವರ ಕಾಲದ ತಿಳಿವಳಿಕೆಯನ್ನು ಹೆಸರು ಹೇಳುತ್ತದೆ, ಅಷ್ಟೆ. ಇದನ್ನೂ ಮಗುವಿಗೆ ಹೇಳಿಕೊಟ್ಟರೆ ವಿಜ್ಞಾನ ತನ್ನನ್ನು ತಾನು ತಿದ್ದಿಕೊಳ್ಳುತ್ತ ಬೆಳೆಯುವ ಬಗೆಯೂ ಅದಕ್ಕೆ ತಿಳಿಯುತ್ತದೆ.

ಆದ್ದರಿಂದ ನನ್ನ ಸಲಹೆ ಬಹಳ ಸಣ್ಣದು, ಖರ್ಚಿಲ್ಲದ್ದು. ಎಂಟನೆಯ ತರಗತಿಯಿಂದ ವಾರಕ್ಕೆ ಒಂದೇ ಬೇರು. ಕರಿಹಲಗೆಯ ಮೂಲೆಯಲ್ಲಿ ಒಂದು ಚೌಕ ಬರೆದು, ಸೋಮವಾರ ಬೇರನ್ನೂ ಅದರ ಕನ್ನಡ ಅರ್ಥವನ್ನೂ ಬರೆಯುವುದು. ಶನಿವಾರದೊಳಗೆ ಆ ಬೇರಿನಿಂದ ಹುಟ್ಟಿದ ಪದಗಳನ್ನು ಮಕ್ಕಳೇ ಪಠ್ಯದಿಂದಲೋ ಮನೆಯ ಔಷಧದ ಚೀಟಿಯಿಂದಲೋ ಹುಡುಕಿ ತರುವುದು. ವರ್ಷಕ್ಕೆ ಮೂವತ್ತು ವಾರವೆಂದರೂ ಮೂರು ವರ್ಷಕ್ಕೆ ತೊಂಬತ್ತು ಬೇರು. ತೊಂಬತ್ತು ಬೇರು ಬಲ್ಲ ಮಗು ಸಾವಿರ ಪದಗಳಿಗೆ ಹೆದರಬೇಕಾಗಿಲ್ಲ.

2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಫಲವಾಗಿ ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸ್ಥಾನಗಳು ನಮ್ಮ ಮಕ್ಕಳಿಗೆ ಮೀಸಲು. ಯಾದಗಿರಿಯಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಬಾಗಿಲುಗಳನ್ನು ಹಿರಿಯರು ಹೋರಾಡಿ ತೆರೆಸಿದ್ದಾರೆ. ಅಲ್ಲಿಯವರೆಗೆ ನಡೆದುಹೋಗುವ ಮಗು ಪಿ.ಯು.ಸಿ.ಯ ಮೊದಲ ದಸರೆಗೇ ಪದಗಳಿಗೆ ಹೆದರಿ ಊರಿಗೆ ಮರಳಿದರೆ ಆ ಸ್ಥಾನಗಳಿಂದ ಯಾರಿಗೆ ಉಪಯೋಗ?

ನಿಮ್ಮಲ್ಲಿ ಹಲವರು ಈಗ ಶಿಕ್ಷಕರು, ಕೆಲವರು ನರ್ಸುಗಳು, ಪ್ರಯೋಗಾಲಯದ ತಂತ್ರಜ್ಞರು, ಆಶಾ ಕಾರ್ಯಕರ್ತೆಯರು. ಇಬ್ಬರೋ ಮೂವರೋ ವೈದ್ಯರೂ ಇದ್ದೀರಿ. ನೀವು ದಿನವೂ ಬಳಸುವ ಪದಗಳಲ್ಲಿ ಯಾವ ಬೇರುಗಳು ಹೆಚ್ಚು ಬರುತ್ತವೆಯೋ ಅವನ್ನು ನನಗೆ ಬರೆದು ಕಳುಹಿಸಿರಿ. ಎಲ್ಲವನ್ನೂ ಕ್ರಮವಾಗಿ ಜೋಡಿಸಿ, ಕನ್ನಡ ಅರ್ಥದೊಡನೆ ಒಂದು ಪಟ್ಟಿ ಮಾಡಿ ನಮ್ಮ ಸುತ್ತಲಿನ ಪ್ರೌಢಶಾಲೆಗಳಿಗೆ ಕೊಡುವ ಆಸೆ ನನಗಿದೆ. ಮೊದಲನೆಯ ಬೇರು 'ಹೈಮ' ಆಗಲೇ ಬರೆದಾಯಿತು. ಇನ್ನು ಎಂಬತ್ತೊಂಬತ್ತು ಉಳಿದಿವೆ.